ಆಂಟಿ ಕಟ್ಟಿಸಿದ ಎದೆಮಟ್ಟದ ಗೋಡೆ

ಸಂಜೆ ಐದೂವರೆಯಾದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ನಿನ್ನೆ ಅದೇ ಹೊತ್ತಿಗೆ, ವಸಂತಪುರದಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ತಾರಸಿಯಲ್ಲಿ ನಿಂತು ಅಂಚಿನ ಹೊಸ ಗೋಡೆಗೆ ನೀರು ಬಿಡುತ್ತಿದ್ದೆ. ಒದ್ದೆ ಸಿಮೆಂಟಿನ ವಾಸನೆ ಎದ್ದಿತು. ಬಿಟಿಎಂ ಲೇಔಟಿನ ನಮ್ಮ ಓನರ್ ಆಂಟಿ ಕಣ್ಣ ಮುಂದೆ ಬಂದರು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ನೀರಿನ ಪೈಪು ಹಿಡಿದು.

ಮದುವೆಯಾದ ಹೊಸತರಲ್ಲಿ ನಾವು ಅವರ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅವರು ನಮ್ಮ ಸಭೆಯವರೇ. ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿಗೆ ಕೂರುತ್ತಿದ್ದೆವು. ಆ ವರ್ಷ ಅವರು ಮೇಲೊಂದು ಮಹಡಿ ಕಟ್ಟಿಸಿದರು. ತಾರಸಿಯ ಅಂಚಿಗೆ ಮೊಣಕಾಲೆತ್ತರದ ಕಟ್ಟೆ ಎಬ್ಬಿಸಿ ಮೇಸ್ತ್ರಿ ಕೆಲಸ ಮುಗಿಯಿತೆಂದ. ಆಂಟಿ ತಾರಸಿಯ ಬಾಗಿಲಿಗೆ ಬೀಗ ಜಡಿದರು. ಗೋಡೆ ಎದೆಮಟ್ಟ ಬರುವವರೆಗೆ ಯಾರೂ ಹತ್ತುವಂತಿಲ್ಲ.

“ಏನ್ ಆಂಟಿ, ಜೈಲ್ ಕಟ್ಟಿಸ್ತಿದ್ದೀರಾ?” ಮೇಸ್ತ್ರಿ ನಕ್ಕ.

“ಹೂಂ ಕಣಪ್ಪ, ಒಳಗಿರೋರು ಬದುಕಿರ್ಲಿ ಅಂತ.”

ಬಟ್ಟೆ ಒಣಹಾಕಲು ಜಾಗವಿಲ್ಲದೆ ಬಾಡಿಗೆಯವರೆಲ್ಲ ಗೊಣಗಿದೆವು. ಕೊನೆಗೆ ನಾನೇ ಹೋಗಿ ಕೇಳಿದೆ.

“ಬಟ್ಟೆ ಒಣಗ್ದಿದ್ರೆ ಇಸ್ತ್ರಿ ಹಾಕ್ಬೋದಮ್ಮ. ಬಿದ್ದೋರಿಗೆ ಏನ್ ಹಾಕ್ತೀಯ?” ಎಂದರು. “ಹೊಸ ಮನೆ ಕಟ್ಟಿದ್ರೆ ಮಾಳಿಗೆಗೆ ಗೋಡೆ ಕಟ್ಟು, ಇಲ್ಲಾಂದ್ರೆ ಬಿದ್ದೋರ ರಕ್ತ ನಿನ್ನ ಮನೆ ಮೇಲೆ ಅಂತ ಬೈಬಲಲ್ಲಿ ದೇವರು ಎಚ್ಚರಿಕೆ ಕೊಟ್ಟಿದ್ದಾರಲ್ಲ. ನೀನೂ ಓದಿದೀಯ ತಾನೆ?”

ಓದಿದ್ದೆ. “ಅದು ಆ ಕಾಲದ ಮನೆಗಳಿಗೆ ಆಂಟಿ.”

“ಯಾಕೆ, ಈಗಿನೋರಿಗೆ ರೆಕ್ಕೆ ಬಂದಿದ್ಯಾ?”

ಮುಖ ಊದಿಸಿಕೊಂಡು ಮೇಲೆ ಬಂದೆ. ಹೊತ್ತು ಮುಳುಗುವ ಮುಂಚೆ ಆಂಟಿ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಬಂದು, ಒಂದು ಡಬ್ಬಿ ಗರಿಗರಿ ರೋಸ್ ಕುಕ್ಕಿ ಕೈಗಿಟ್ಟರು. ಕೋಪ ಇಟ್ಟುಕೊಂಡು ಸೂರ್ಯನನ್ನು ಮುಳುಗಲು ಬಿಡಬಾರದು ಎಂಬ ಮಾತನ್ನೂ ಅವರು ಹಾಗೆಯೇ, ಆಕಾಶ ನೋಡಿಕೊಂಡೇ ಪಾಲಿಸುತ್ತಿದ್ದರು.

“ಆಶೀರ್ವಾದದ ವಚನಾನೆಲ್ಲ ಕ್ಯಾಲೆಂಡರ್ ಮಾಡಿ ತೂಗಾಕ್ತೀವಿ. ‘ಹುಷಾರು’ ಅಂದಿರೋ ಕಡೆ ಮಾತ್ರ ಪುಟ ತಿರುಗಿಸ್ತೀವಿ. ಅಮ್ಮ ‘ಹುಷಾರು ಮಗು’ ಅನ್ನೋದೂ ಪ್ರೀತಿನೇ ಅಲ್ವಾ?” ಎಂದರು ಆಂಟಿ.

ಗೋಡೆ ಎದ್ದು ಗಟ್ಟಿಯಾದ ಮೇಲೆ ಆಂಟಿ ಅದಕ್ಕೆ ಬೆನ್ನು ಕೊಟ್ಟು, ಮೈಭಾರವನ್ನೆಲ್ಲ ಬಿಟ್ಟು ಒರಗಿ ನೋಡಿದರು. ನಾಲ್ಕೂ ಕಡೆ. ಆಮೇಲೆ ಬೀಗ ತೆಗೆದರು.

ಆ ಕ್ರಿಸ್ಮಸ್ ಸಂಜೆ ಐದೂವರೆಗೆ ಎಲ್ಲರನ್ನೂ ತಾರಸಿಗೆ ಕೇಕ್ ತಿನ್ನಲು ಕರೆದರು. ಬೆಳಕು ಚೆನ್ನಾಗಿದೆಯೆಂದು ನನ್ನ ಗಂಡ ಫೋಟೋ ತೆಗೆಯಲು ನಿಂತ.

“ಆಂಟಿ ಫೋಟೋಲಿ ಬರ್ತಾ ಇಲ್ಲ, ಇನ್ನೂ ಹಿಂದೆ ಹೋಗು ಗುರು!” ಕೆಳಗಿನ ಮನೆಯ ಹುಡುಗ ಕೂಗಿದ.

ಫೋನಿನಲ್ಲೇ ಕಣ್ಣಿಟ್ಟು ನನ್ನ ಗಂಡ ಹಿಂದೆ ಹಿಂದೆ ಹೋದ. ಕಾಲಿಗೆ ನೀರಿನ ಪೈಪು ತೊಡರಿತು. ಕೈಗಳು ಮೇಲೆದ್ದವು. ಬೆನ್ನು ಧಡ್ ಎಂದು ಗೋಡೆಗೆ ಬಡಿಯಿತು. ಫೋನು ಮಾತ್ರ ಗೋಡೆ ದಾಟಿ ಹೋಯಿತು... ಬಹಳ ಹೊತ್ತಾಯಿತು ಅನ್ನಿಸಿದ ಮೇಲೆ, ಕೆಳಗೆ ಕಾಂಕ್ರೀಟಿನ ಮೇಲೆ ಅದು ಚೂರಾದ ಸದ್ದು ಕೇಳಿಸಿತು.

‘ನಾನು ಹೇಳಿರಲಿಲ್ವಾ’ ಎಂದು ಆಂಟಿ ಅನ್ನಲಿಲ್ಲ. ಗೋಡೆಯ ಮೇಲೊಮ್ಮೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ಅವನ ಕೈಗೆ ಕೇಕ್ ಕೊಟ್ಟರು. “ಫೋಟೋ ಹೋದ್ರೆ ಹೋಗ್ಲಿ. ತಿನ್ನು ಮಗಾ.”

ಅಂದಿನಿಂದ ನಿದ್ದೆಯಲ್ಲಿ ಆ ಸದ್ದು ಕೇಳುತ್ತದೆ. ಬೆಚ್ಚಿ ಎದ್ದು, ಪಕ್ಕದಲ್ಲಿ ಮಲಗಿದವನ ಬೆನ್ನು ಮುಟ್ಟಿ ನೋಡುತ್ತೇನೆ.

ಆಂಟಿ ಹೋದ ವರ್ಷ ತೀರಿಕೊಂಡರು. ಬೆಂಚಿನಲ್ಲಿ ಅವರು ಕೂರುತ್ತಿದ್ದ ಜಾಗಕ್ಕೆ ನಾನಿನ್ನೂ ಸರಿದಿಲ್ಲ.

“ಇಷ್ಟೆತ್ತರ ಯಾಕ್ ಮೇಡಂ, ಗಾಳಿನೇ ಬರಲ್ಲ” ಎಂದು ನಿನ್ನೆ ನಮ್ಮ ಮೇಸ್ತ್ರಿಯೂ ಕೇಳಿದ. ಆಂಟಿಯ ಹಾಗೆ ಚುರುಕಾಗಿ ಉತ್ತರಿಸಲು ನನಗೆ ಬರಲಿಲ್ಲ. ಪೈಪು ಕೆಳಗಿಟ್ಟು ಗೋಡೆಗೆ ಬೆನ್ನು ಕೊಟ್ಟು ಒರಗಿದೆ. ಒರಗಿ ನೋಡಲು ಅವರಿರಬೇಕಿತ್ತು... ಕುರ್ತಾದ ಬೆನ್ನೆಲ್ಲ ಒದ್ದೆಯಾಯಿತು. ಗೋಡೆ ಅಲುಗಲಿಲ್ಲ.

ರಾತ್ರಿ ಆ ಸದ್ದು ಕೇಳಲಿಲ್ಲ, ಎಚ್ಚರವೇ ಆಗಲಿಲ್ಲ. ಕಣ್ಣು ಬಿಟ್ಟಾಗ ಹಾಲಿನವನು ಬೆಲ್ ಒತ್ತುತ್ತಿದ್ದ.