ಸಿಪ್ಪೆಯ ಮೊರದಲ್ಲಿದ್ದ ಬೇಳೆ

ಬನಶಂಕರಿ ಮಾರ್ಕೆಟ್ಟಿನ ಹೊರಗೆ ಗೋಣಿಚೀಲದ ಮೇಲೆ ಸುರಿದಿದ್ದ ಅವರೆಕಾಯಿಯ ಸೊಗಡು ಮೂಗಿಗೆ ಬಡಿದದ್ದೇ ತಡ, ಸುಬ್ರಹ್ಮಣ್ಯಪುರದ ಕೆಳಮನೆ ಆಂಟಿ ನೆನಪಾದರು. ಎಷ್ಟೋ ವರ್ಷಗಳ ಹಿಂದೆ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಈಗ ಬರೆಯಲು ಕೂತರೆ ಯಾವುದು ನಡೆದದ್ದು, ಯಾವುದು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂಬ ಅನುಮಾನ ಕಾಡುತ್ತದೆ. ಕೆಲವು ವಿವರಗಳಂತೂ ಖಂಡಿತ ತಪ್ಪಿರುತ್ತವೆ. ಆದರೂ ಈ ಸಲ ಆದಷ್ಟು ಸರಿಯಾಗಿ ನೆನಪಿಸಿಕೊಳ್ಳಬೇಕಾಗಿದೆ. ಹೋದ ವಾರ ನಮ್ಮಮ್ಮ ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿದ್ದರೂ ಕೈಯಲ್ಲಿ ಸಾಸಿವೆ ಹಿಡಿದು ನಿಂತೇ ಇದ್ದಳು. “ಇದನ್ನ ಯಾವಾಗ ಹಾಕೋದೇ?” ಎಂದು ನನ್ನನ್ನು ಕೇಳಿದಳು. ಆಮೇಲೆ ತಾನೇ ನಕ್ಕಳು.

ಕೆಳಮನೆ ಆಂಟಿಯಲ್ಲಿ ಮೊದಲು ಕಂಡದ್ದು ಏನು? ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಆ ಬಡಾವಣೆ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿದ್ದರೂ ಆಂಟಿಯ ಗತ್ತು ಹೊಲದೊಡತಿಯದೇ. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನವಾದರೆ ನಾವೆಲ್ಲ ಅವರ ಮೆಟ್ಟಿಲ ಮೇಲೆ ಕಾಳು ಹಿತಕಲು ಕೂರುತ್ತಿದ್ದೆವು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಆಂಟಿ ಕೈಯತ್ತ ನೋಡುತ್ತಲೇ ಇರಲಿಲ್ಲ, ಅವರ ಕಣ್ಣು ಸದಾ ಬೀದಿಯ ಮೇಲೆ. “ಇಷ್ಟುದ್ದ ಉಗುರು ಬಿಟ್ಕೊಂಡು ಹಿತಕೋಕೆ ಬಂದ್ಬಿಟ್ಳು ನೋಡು, ಬೇಳೆಗೆಲ್ಲ ಗಾಯ ಮಾಡ್ಬೇಡ ಕಣೆ!” ಎಂದು ನನ್ನನ್ನು ರೇಗಿಸುತ್ತಿದ್ದರು.

ಒಂದು ದಿನ ನೋಡಿದರೆ ಆಂಟಿ ಹಿತಕಿದ ಬೇಳೆಯೆಲ್ಲ ಮೊರದಲ್ಲಿತ್ತು, ಸಿಪ್ಪೆ ಪಾತ್ರೆಯಲ್ಲಿತ್ತು.

“ಅಯ್ಯೋ ಅತ್ತೆ, ಸಿಪ್ಪೆ ಸಾರು ಮಾಡ್ಲಾ ಇವತ್ತು?” ಎಂದರು ಅವರ ಸೊಸೆ.

“ನೀನ್ ಮಾಡೋ ಸಾರಿಗೆ ಅದೇ ಜಾಸ್ತಿ ಬಿಡೆ!”

ಎಲ್ಲರೂ ನಕ್ಕೆವು. ಆಂಟಿಯ ನಾಲಿಗೆ ಅಷ್ಟು ಚುರುಕಾಗಿದ್ದರಿಂದಲೇ ನಮಗೆ ಯಾರಿಗೂ ಏನೂ ಹೊಳೆಯಲಿಲ್ಲವೇನೋ… ಅಥವಾ ಅದಕ್ಕೂ ಮೊದಲೇ ಶುರುವಾಗಿತ್ತೋ. “ಏನ್ ಸಾರು ಇವತ್ತು?” ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಿದ್ದದ್ದು ಆ ಚಳಿಗಾಲದಲ್ಲೋ, ಅದರ ಹಿಂದಿನ ವರ್ಷವೋ, ಈಗ ಹೇಳಲಾರೆ. ಬೀರುವಿನ ಬೀಗದ ಕೈಯನ್ನು ಸೊಸೆ ಬಚ್ಚಿಟ್ಟಳೆಂದು ಕೂಗಾಡಿದ್ದು ನೆನಪಿದೆ. ಅದು ಸಿಕ್ಕಿದ್ದು ಅಕ್ಕಿ ಡಬ್ಬದಲ್ಲಿ.

ಸೊಸೆ ಮೇಲೆ ಬಂದು ನನ್ನ ಹತ್ತಿರ ಗೋಳಾಡಿಕೊಂಡರು. “ಬೇಕೂಂತ್ಲೇ ಮಾಡ್ತಾರೆ ಅಕ್ಕ. ಹೊಲ ಉತ್ತಿದ್ದು, ಎಮ್ಮೆ ಕಟ್ಟಿದ್ದು ಎಲ್ಲ ನೆನಪಿದೆ. ನಾನ್ ಕಾಫಿ ಕೊಟ್ಟಿದ್ದು ಮಾತ್ರ ಮರ್ತೋಗುತ್ತಾ?”

ನನಗೂ ಅದು ನ್ಯಾಯವಾದ ಪ್ರಶ್ನೆ ಎನ್ನಿಸಿತ್ತು. ಹಳೆಯದು ಗಟ್ಟಿಯಾಗಿ ಉಳಿದು ಹೊಸದು ಮಾತ್ರ ಜಾರಿಹೋಗುವುದೇ ಮರೆವಿನ ಕಾಯಿಲೆಯ ರೀತಿ ಎಂದು ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಆಂಟಿ ಬೀದಿಯ ಕೊನೆಯಲ್ಲಿ ಯಾರದೋ ಗೇಟು ಹಿಡಿದು ಅಲ್ಲಾಡಿಸುತ್ತಿದ್ದರು. “ನಮ್ಮ ಹೊಲಕ್ಕೆ ಯಾಕ್ರೀ ಬಾಗ್ಲು ಹಾಕಿದೀರಾ? ಕಳೆ ಕೀಳೋಕೆ ಆಳು ಬರ್ತಾವ್ರೆ!” ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಸೊಸೆ ಓಡಿಬಂದರು. ಬೈಯುತ್ತಾರೆಂದುಕೊಂಡೆ. ಅವರು ಆಂಟಿಯ ಕೈ ಹಿಡಿದು, “ಬನ್ನಿ ಅತ್ತೆ, ಆಳುಗಳು ನಾಳೆ ಬರ್ತಾರಂತೆ, ತಿಂಡಿ ತಿನ್ನೋಣ” ಎಂದರು. ಆಂಟಿ ಮಗುವಿನ ಹಾಗೆ ಹಿಂದೆ ಹೋದರು…

ಆ ವಾರವೇ ಮಗ ಡಾಕ್ಟರಿಗೆ ತೋರಿಸಿದರು. ಅಲ್ಜೈಮರ್ ಎಂಬ ಪದವನ್ನು ಸೊಸೆಯ ಬಾಯಲ್ಲಿ ಕೇಳಿದ್ದು ಅದೇ ಮೆಟ್ಟಿಲ ಮೇಲೆ. “ಕಾಯಿಲೆ ಅಂತ ಮೊದ್ಲೇ ಗೊತ್ತಾಗಿದ್ರೆ ಅಷ್ಟು ಜಗಳ ಆಡ್ತಿರ್ಲಿಲ್ಲ ಅಕ್ಕ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಮುಂದೆ ನಾವು ಮನೆ ಬದಲಾಯಿಸಿದೆವು. ಆಂಟಿ ತೀರಿಕೊಂಡ ಸುದ್ದಿ ನಮಗೆ ತಿಥಿಯೆಲ್ಲ ಮುಗಿದ ಮೇಲೆ ತಲುಪಿತು. ಹೋಗಿ ನೋಡಲಾಗಲಿಲ್ಲ.

ಅಮ್ಮ ಹೋದ ತಿಂಗಳು ಪೂರ್ತಿ ಗಿರಿನಗರದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ಅಲ್ಲಿ ಅಡುಗೆ ಮಾಡುತ್ತಿದ್ದಳೇ ಎಂದು ವಿಚಾರಿಸಿದರೆ, “ವಯಸ್ಸಾಯ್ತಲ್ವೇನೇ, ನಾನೇ ಒಲೆ ಹತ್ರ ಬಿಡ್ತಿರ್ಲಿಲ್ಲ” ಎಂದಳು. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಾಗಲಿಲ್ಲ. ಇನ್ನೊಂದು ಮಾತು ಕೇಳಿದೆ. ಅಕ್ಕ, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಮತ್ತೆ ಮಾಡ್ತೀನಿ ಎಂದು ಫೋನ್ ಇಟ್ಟಳು. ಇನ್ನೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

“ವಯಸ್ಸಾಯ್ತು ಅಂತಾನಾ ಬಿಡ್ಲಿಲ್ಲ ಅಕ್ಕ, ಇಲ್ಲ ನೀನೂ ಏನಾದ್ರೂ ನೋಡಿದ್ಯಾ?”