ಕುರುಗೋಡು ಫೋನು

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬಳ್ಳಾರಿ ಸುತ್ತಮುತ್ತ ಆದಾಯ ತೆರಿಗೆಯ ಕಾಗದಪತ್ರ ನೋಡಿಕೊಡುವವರೆಲ್ಲ ಅದರಲ್ಲಿದ್ದೇವೆ. ಬೆಳಗಾಗುವುದೇ ತಡ, ಯಾರಾದರೊಬ್ಬರು ಹೊಸ ತೀರ್ಪೊಂದನ್ನು ತಂದು ಅಲ್ಲಿ ಹಾಕುತ್ತಾರೆ. ಹಿಂದೆಯೇ ಹತ್ತಾರು ಹೆಬ್ಬೆರಳುಗಳು ಏಳುತ್ತವೆ. ಓದಿದವರು ಎಷ್ಟು ಜನವೋ ಕಾಣೆ, ನಾನಂತೂ ಓದುವುದನ್ನು ಬಿಟ್ಟು ಬಹಳ ದಿನವಾಯಿತು. ಈಗ ಕಾಯ್ದೆಯೇ ಹೊಸದು. ಅರ್ಧ ಆಯುಷ್ಯ ಹಾಕಿ ಬಾಯಿಪಾಠ ಮಾಡಿದ ಸೆಕ್ಷನ್ನುಗಳೆಲ್ಲ ಮನೆ ಬದಲಿಸಿವೆ. ಅವುಗಳ ಹೊಸ ವಿಳಾಸ ಹುಡುಕಿಕೊಂಡು ಅಲೆಯುವ ತ್ರಾಣ ನನಗಿಲ್ಲ ಎಂದು ನಿಮ್ಮ ಹತ್ತಿರ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇವತ್ತಿನ ತೀರ್ಪನ್ನು ಮಾತ್ರ ಕೊನೆಯ ಸಾಲಿನವರೆಗೂ ಓದಿದೆ. ‘ಸಲಹೆಗಾರನ ತಪ್ಪಿಗೆ ತೆರಿಗೆದಾರರನ್ನು ಶಿಕ್ಷಿಸುವಂತಿಲ್ಲ’ ಎಂದು ಯಾರೋ ಮೇಲೊಂದು ತಲೆಬರಹ ಕೊಟ್ಟಿದ್ದರು. ಹೆಬ್ಬೆರಳುಗಳ ನಡುವೆ ಒಬ್ಬರು, “ಯಾರ್ರೀ ಈ ಪುಣ್ಯಾತ್ಮ ಸಲಹೆಗಾರ?” ಎಂದು ಕೇಳಿದ್ದರು. ಅದಕ್ಕೆ ಕಣ್ಣೀರು ಸುರಿಸಿ ನಗುವ ಮುಖಗಳ ದೊಡ್ಡ ಸಾಲೇ ಬಿದ್ದಿತ್ತು.

ಆ ಪುಣ್ಯಾತ್ಮ ನಾನೇ.

ಪಾರ್ವತಿನಗರದ ನನ್ನ ಆಫೀಸಿನ ಮೇಜಿನಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಹಿಂದೆ ಅದರಲ್ಲಿ ಹೆಂಡತಿ ಚಕ್ಕುಲಿ ಕಳಿಸುತ್ತಿದ್ದಳು. ಆಮೇಲೆ ಅದರೊಳಗೆ ಫೋನುಗಳು ಸೇರಿಕೊಂಡವು. ಎಲ್ಲ ಸಣ್ಣ ಗುಂಡಿಯ ಅಗ್ಗದ ಫೋನುಗಳು. ಒಂದೊಂದರ ಬೆನ್ನಿಗೂ ಗಾಯಕ್ಕೆ ಹಚ್ಚುವ ಬಿಳಿಯ ಪಟ್ಟಿ ಅಂಟಿಸಿ, ಅದರ ಮೇಲೆ ಊರಿನ ಹೆಸರು ಬರೆದಿದ್ದೆ: ಸಿರುಗುಪ್ಪ, ರೂಪನಗುಡಿ, ಕುರುಗೋಡು. ತೆರಿಗೆಯ ಕೆಲಸವೆಲ್ಲ ಕಂಪ್ಯೂಟರಿಗೆ ಹೋದಾಗ ಸರ್ಕಾರ ಪ್ರತಿಯೊಬ್ಬರ ಫೋನು, ಮೇಲ್ ಕೇಳಿತು. ನಮ್ಮ ಜನ ಕೈ ಮುಗಿದರು. ಸಿರುಗುಪ್ಪದ ಅಕ್ಕಿ ಗಿರಣಿಯವರು, “ನಮಗ್ಯಾಕ್ರಿ ಅವೆಲ್ಲ, ನಿಮ್ದೇ ಹಾಕ್ಬಿಡ್ರಿ” ಎಂದರು. ಇಲ್ಲಿ ಜೀನ್ಸ್ ಹೊಲಿಸುವವರೂ ಅದನ್ನೇ ಹೇಳಿದರು. ಒಂದೇ ನಂಬರನ್ನು ಎಲ್ಲರಿಗೂ ಹಾಕಲು ಇಲಾಖೆಯ ಪೋರ್ಟಲ್ ಒಪ್ಪಲಿಲ್ಲ. ಸರಿ, ಊರಿಗೊಂದು ಸಿಮ್ಮು, ಸಿಮ್ಮಿಗೊಂದು ಮೇಲ್ ಮಾಡಿದೆ. ಆ ಮೇಲ್ ತೆರೆಯಲು ಬೇಕಾದ ಓಟಿಪಿ ಎಂಬ ಗುಟ್ಟಿನ ಅಂಕಿಯೂ ಅದೇ ಫೋನಿಗೇ ಬರಬೇಕು. ಆಗ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಒಬ್ಬರು ಮಾತ್ರ ಸುಲಭಕ್ಕೆ ಒಪ್ಪಿರಲಿಲ್ಲ. ಕುರುಗೋಡಿನ ಗೌರಮ್ಮ ಅಕ್ಕೋರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಇವರು ನನಗೆ ಅಕ್ಷರ ಕಲಿಸಿದವರು. ಹಾಜರಿ ಕರೆಯುವಾಗ ಯಾವನಾದರೂ ಸುಮ್ಮನಿದ್ದರೆ ಅಕ್ಕೋರು ತಟ್ಟನೆ ಗೈರುಹಾಜರಿ ಹಾಕುತ್ತಿರಲಿಲ್ಲ. ಕನ್ನಡಕದ ಮೇಲಿನಿಂದ ಇಡೀ ಕೋಣೆ ನೋಡಿ, ಇನ್ನೊಂದು ಸಲ ಹೆಸರು ಕೂಗಿ, ಪಕ್ಕದವನನ್ನೂ ಕೇಳಿ, ಆಮೇಲೆ ಪೆನ್ನು ಎತ್ತುತ್ತಿದ್ದರು. ನಿವೃತ್ತರಾದ ಮೇಲೆ ಅವರ ಪಿಂಚಣಿಯ ರಿಟರ್ನ್ ನಾನೇ ತುಂಬುತ್ತಿದ್ದೆ. ವರ್ಷಕ್ಕೊಮ್ಮೆ ಬೆಳಗಿನ ಬಸ್ಸಿಗೆ ಬಂದು, ಕಾಗದಗಳ ಜೊತೆಗೆ ಒಗ್ಗರಣೆ ಮಂಡಕ್ಕಿಯ ಪೊಟ್ಟಣವನ್ನೂ ಮೇಜಿನ ಮೇಲಿಟ್ಟು, “ಸಹಿ ಎಲ್ಲಿ ಮಾಡ್ಬೇಕಪಾ?” ಎನ್ನುತ್ತಿದ್ದರು. ಸಹಿಯೇ ಬೇಡವೆಂದ ವರ್ಷ ಅವರ ಮುಖ ಸಣ್ಣದಾಗಿತ್ತು.

“ನೀವು ಬಿಸಲಾಗ ಬರಾದೂ ಬ್ಯಾಡ್ರಿ ಅಕ್ಕೋರ. ಎಲ್ಲಾ ನನ್ನ ಫೋನಿಗೇ ಬರ್ತೈತಿ,” ಎಂದೆ.

“ನನ್ನ ಹೆಸರಿಂದು ನನ್ನ ಮನಿಗೆ ಬರಬೇಕಲ್ಲೇನು?”

“ನಾ ಅದೀನಲ್ರಿ.”

ಈ ‘ನಾ ಅದೀನಲ್ರಿ’ ಎಂಬ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಸುಬೇ ಈ ಮಾತಿನ ಮೇಲೆ ನಿಂತಿದೆ.

ಸಿರುಗುಪ್ಪದ ಆಚೆ, ಪಟ್ಟಣದಿಂದ ಬಹಳ ದೂರದ ಹಳ್ಳಿಯೊಂದರಲ್ಲಿ, ಅಕ್ಕೋರಿಗೆ ತಾಯಿಯ ಕಡೆಯಿಂದ ಬಂದ ಗದ್ದೆ ಇತ್ತು. ಅದನ್ನು ಮಾರಿದರು. ಅಂಥ ಹಳ್ಳಿಯ ಸಾಗುವಳಿ ಭೂಮಿ ಮಾರಿದ್ದಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಆದರೆ ರಿಜಿಸ್ಟರ್ ಆದದ್ದು ಇಲಾಖೆಯ ಕಂಪ್ಯೂಟರಿಗೆ ಕಂಡಿತು, ಇದೇನೆಂದು ಅದು ಕೇಳಿತು. ಒಂದು ಪಹಣಿ, ಊರು ಎಷ್ಟು ದೂರವೆಂದು ತಹಸೀಲ್ದಾರರಿಂದ ಒಂದು ಪತ್ರ, ನನ್ನದೊಂದು ಸಾಲು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಂಪ್ಯೂಟರು ಮೂರು ಸಲ ಕೇಳಿತು. ಮೂರು ಸಲವೂ ಕುರುಗೋಡು ಫೋನನ್ನೇ ಕೇಳಿತು.

ಆ ಫೋನಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ, ಬೆನ್ನಿನ ಮುಚ್ಚಳ ಕಳಚಿ ಬಿದ್ದಿತ್ತು. ನಾಳೆ ಹಾಕಿಸಿದರಾಯಿತು ಎಂದು ಡಬ್ಬಿಗೆ ಹಾಕಿದ್ದೆ. ರಿಟರ್ನ್ ತುಂಬುವ ಗಡಿಬಿಡಿ ಬೇರೆ. ಕರೆನ್ಸಿ ಹಾಕದೆ ಸಿಮ್ಮೂ ಸತ್ತಿತು. ನಾಳೆ ಎಂದದ್ದು ವರ್ಷ ದಾಟಿತು.

ಪಿಂಚಣಿ ತರಲು ಬ್ಯಾಂಕಿಗೆ ಹೋದ ಅಕ್ಕೋರಿಗೆ, “ನಿಮ್ಮ ಖಾತೆ ತೆರಿಗಿಯವರು ಹಿಡದಾರ್ರಿ” ಎಂದರಂತೆ. ಸಾಲಿನಲ್ಲಿ ಹಿಂದೆ ನಿಂತವರಲ್ಲಿ ಅವರ ಹಳೆಯ ವಿದ್ಯಾರ್ಥಿಗಳೂ ಇದ್ದರಂತೆ. ಅಲ್ಲಿಂದ ಸೀದಾ ನನ್ನಲ್ಲಿಗೆ ಬಂದರು. ನಾನು ಪೋರ್ಟಲ್ ತೆರೆದೆ. ಗದ್ದೆ ಮಾರಿದ ಹಣಕ್ಕೆಲ್ಲ ತೆರಿಗೆ, ದಂಡ ಹೇರಿದ ಆದೇಶ ಕಂಡಿತು. ಅಕ್ಕೋರು ಕೇಳಿದ್ದು ಮೊತ್ತವನ್ನಲ್ಲ, ಒಂದು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ಅದರ ಅರ್ಥ ಕೇಳಿದರು.

“ಹಲವು ಅವಕಾಶ ಕೊಟ್ರೂ ಇವರು ಉತ್ತರ ಕೊಡಲಿಲ್ಲ ಅಂತ ಐತ್ರಿ.”

“ನಾನು?” ಎಂದರು. “ಕರದ್ರ ನಾ ಉತ್ತರ ಕೊಡಲಿಲ್ಲಂತ?”

ಆ ದಿನ ನಾನು ಡಬ್ಬಿಯ ವಿಷಯ ಎತ್ತಲಿಲ್ಲ. ಪೋರ್ಟಲ್ ಸರಿಯಿಲ್ಲ, ಸರ್ವರ್ ಸರಿಯಿಲ್ಲ ಎಂದು ಗೊಣಗಿದೆ. ಮೇಲ್ಮನವಿಯ ಅವಧಿಯೂ ಮುಗಿದುಹೋಗಿತ್ತು. ತಡವಾದದ್ದು ಯಾಕೆ ಎನ್ನುವಲ್ಲಿ ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದು ಹಾಕಿದೆ. ಬಾಕಿಯ ಒಂದು ಪಾಲು ಕಟ್ಟಿ ಖಾತೆಯನ್ನೇನೋ ಬಿಡಿಸಿಕೊಂಡೆವು. ಆದರೆ ಆ ಅನಿವಾರ್ಯ ಕಾರಣ ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಮೇಲ್ಮನವಿ ಬಾಗಿಲಲ್ಲೇ ವಾಪಸಾಯಿತು. ಉಳಿದದ್ದು ನ್ಯಾಯಮಂಡಳಿ ಒಂದೇ.

ಇಂಥ ಹೊತ್ತಿಗೆ ನಮ್ಮಲ್ಲೊಂದು ರೂಢಿಯಿದೆ. ಕಕ್ಷಿದಾರರಿಗೆ ಕಾಯಿಲೆ ಬರಿಸುವುದು. ಪರಿಚಯದ ಡಾಕ್ಟರರಿಂದ ಚೀಟಿ ತಂದು ಲಗತ್ತಿಸಿದರೆ ತಡವೆಲ್ಲ ಮಾಫಿ. ನಾನೂ ಚೀಟಿ ತೆಗೆದುಕೊಂಡು ಕುರುಗೋಡಿಗೆ ಹೋದೆ. ಅಕ್ಕೋರು ಅದನ್ನು ಎರಡು ಸಲ ಓದಿದರು.

“ನನಗೇನಾಗಿತ್ತಪಾ? ಚಲೋನ ಇದ್ನಲ್ಲ.”

“ಸುಮ್ನ ಹಂಗ ಬರೀತಾರ್ರಿ. ಎಲ್ಲಾರೂ ಬರೀತಾರ.”

“ನಡದದ್ದೇನು ಹೇಳು.”

ಕೊನೆಗೆ ಉಬ್ಬಿದ ಬ್ಯಾಟರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಚೀಟಿಯನ್ನು ಮಡಚಿ ನನ್ನ ಕೈಗಿಟ್ಟು, “ಅದನ್ನ ಬರಿ” ಎಂದರು.

ಬರೆಯುವುದು ಸುಲಭವಿರಲಿಲ್ಲ. ತಪ್ಪು ನನ್ನದು ಎಂದು ಅಫಿಡವಿಟ್ ಕೊಟ್ಟವನ ಹತ್ತಿರ ಮರುವರ್ಷ ಯಾರು ಕಾಗದ ತರುತ್ತಾರೆ? ಎರಡು ವಾರ ಒದ್ದಾಡಿದೆ. ನಾನೇನೂ ಧರ್ಮರಾಯನಲ್ಲ. ಬೇರೆ ದಾರಿ ಇದ್ದಿದ್ದರೆ ಖಂಡಿತ ಹಿಡಿಯುತ್ತಿದ್ದೆ. ಅಕ್ಕೋರು ಸುಳ್ಳಿಗೆ ಸಹಿ ಮಾಡುವುದಿಲ್ಲವಾದ್ದರಿಂದ ನಾನು ನಿಜಕ್ಕೆ ಸಹಿ ಮಾಡಬೇಕಾಯಿತು.

ಇವತ್ತು ಆ ತೀರ್ಪು ನನಗೆ ತಲುಪುವ ಮೊದಲೇ ಗುಂಪಿಗೆ ತಲುಪಿದೆ. ಓದಿ ಮುಗಿಸಿ, ಪ್ರಿಂಟು ತೆಗೆದುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಅಕ್ಕೋರಿಗೆ ಈಗ ಕಣ್ಣು ಮಂಜು, ಕಿವಿ ಚುರುಕು.

“ಕನ್ನಡದಾಗ ಹೇಳು.”

ಹೇಳಿದೆ. ನೋಟಿಸು ಇವರಿಗೆ ಮುಟ್ಟಿಲ್ಲ. ಉತ್ತರ ಬಾರದ್ದು ಇವರ ತಪ್ಪಲ್ಲ. ಹಳೆಯ ಆದೇಶ ರದ್ದು, ಮೊದಲಿನಿಂದ ವಿಚಾರಣೆ ನಡೆಸತಕ್ಕದ್ದು. ನಮ್ಮ ಕಸುಬಿನಲ್ಲಿ ಗೆಲ್ಲುವುದೆಂದರೆ ಇದೇ, ಎಲ್ಲವನ್ನೂ ಮತ್ತೆ ಶುರು ಮಾಡುವುದು. ನೆನೆದರೇ ಮೈ ಸೋತುಹೋಗುತ್ತದೆ.

“ಮತ್ತ ನೋಟಿಸ್ ಬರ್ತೈತೇನು?”

“ಬರ್ತೈತ್ರಿ.”

“ಬರ್ಲಿ. ನಿನ್ನ ಬಗ್ಗೆ ಏನು ಬರದಾರ?”

“ಸಲಹೆಗಾರನ ನಿರ್ಲಕ್ಷ್ಯ ಅಂತ ಬರದಾರ್ರಿ.”

“ನೀನಾಗೇ ಒಪ್ಪಿಕೊಂಡಿ ಅನ್ನಾದು?”

“ಅದಿಲ್ರಿ.”

“ಅದನ್ನೂ ಬರೀಬೇಕಿತ್ತು,” ಎಂದರು ಅಕ್ಕೋರು. ನಾನು ಕುಡಿಯಲು ನೀರು ಕೇಳಿದೆ.

ಅಲ್ಲೇ ಕೂತು ಪೋರ್ಟಲಿನಲ್ಲಿ ಕುರುಗೋಡು ಫೋನಿನ ನಂಬರು ಅಳಿಸಿ ಅವರ ಸ್ವಂತದ್ದನ್ನು ಹಾಕಿದೆ. ಗುಟ್ಟಿನ ಅಂಕಿ ಅವರ ಫೋನಿಗೇ ಬಂತು. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಉಕ್ತಲೇಖನ ಹೇಳುವ ಹಾಗೆ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದರು. ಎಲ್ಲ ಮುಗಿದ ಮೇಲೆ, “ಇನ್ನೊಮ್ಮೆ ಹೇಳ್ಲೇನು?” ಎಂದರು. ಬೇಡವೆಂದೆ. ಆದರೂ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಗುಂಪನ್ನು ತೆರೆದೆ. ಹೆಬ್ಬೆರಳುಗಳು ಇನ್ನೂ ಏಳುತ್ತಲೇ ಇದ್ದವು. ಆ ಪ್ರಶ್ನೆಯ ಕೆಳಗೆ ಬರೆದೆ: ‘ಆ ಸಲಹೆಗಾರ ನಾನೇ. ಊರಿಗೊಂದು ಫೋನು ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಒಂದು ಕೆಟ್ಟಿತ್ತು, ನೋಡಲಿಲ್ಲ. ನಾನಾಗಿಯೇ ಒಪ್ಪಿಕೊಂಡೆ.’

ಅದಕ್ಕೆ ಒಂದು ಹೆಬ್ಬೆರಳೂ ಏಳಲಿಲ್ಲ. ಬಸ್ಸು ಬಳ್ಳಾರಿ ಮುಟ್ಟುವ ಹೊತ್ತಿಗೆ, ಬೆಳಿಗ್ಗೆ ಪುಣ್ಯಾತ್ಮ ಯಾರೆಂದು ಕೇಳಿದ್ದವರು ನನಗೊಬ್ಬನಿಗೇ ಒಂದು ಸಾಲು ಕಳಿಸಿದ್ದರು: “ನನ್ನ ಆಫೀಸಿನಾಗೂ ಅಂಥದೊಂದು ಡಬ್ಬಿ ಐತ್ರಿ.”