ಮೆಮೊರಿಯ ಮೇಲೆ ಹಾಕಿದ ಟವಲು

ಕೋವಿಡ್‌ಗೆ ಹಿಂದಿನ ಹಂಗಾಮು. ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದೆ. ಕಬ್ಬು ಕಟಾವಿನ ಪರ್ಮಿಟ್‌ಗಳು ಅಲ್ಲಿನ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರಿನಿಂದಲೇ ಅಚ್ಚಾಗುತ್ತಿದ್ದವು. ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ದೋಷ ಹಿಡಿದವನು ನಾನೇ ಆಗಿರುತ್ತಿದ್ದೆ. ಅದು ನಿಜವಲ್ಲ.

ನನ್ನ ನೆನಪಿನಲ್ಲಿ ಅದು ಮಧ್ಯಾಹ್ನ. ಯಂತ್ರದ ಲಾಗ್‌ನಲ್ಲಿ ಬೆಳಿಗ್ಗೆ. ಲಾಗನ್ನೇ ನಂಬೋಣ. ಪರ್ಮಿಟ್ ಅಚ್ಚು ನಿಂತುಹೋಯಿತು. ಕೌಂಟರಿನ ಮುಂದೆ ಕೆರಗೋಡಿನ ಹೊನ್ನಮ್ಮ ಕೂತಿದ್ದರು. ಅವರ ಕಬ್ಬು ಸೂಲಂಗಿ ಹೂ ಬಿಟ್ಟು ತೂಕ ಕಳೆದುಕೊಳ್ಳುತ್ತಿತ್ತು. ಪಕ್ಕದ ಗದ್ದೆಗೆ ಬಂದಿದ್ದ ಕಟಾವಿನ ತಂಡ ಸಂಜೆಗೆ ಕೊಪ್ಪಕ್ಕೆ ಹೊರಡುವುದರಲ್ಲಿತ್ತು. ಪರ್ಮಿಟ್ ಕಾಣದೆ ತಂಡದವರು ಒಂದು ಜಲ್ಲೆಯನ್ನೂ ಮುಟ್ಟುವುದಿಲ್ಲ.

"ನಿಮ್ ಮಿಸೀನು ತಿಂಡಿಗೋಗೈತೇನಪ್ಪಾ?" ಎಂದರು ಹೊನ್ನಮ್ಮ.

ಯಂತ್ರವೇನೋ ಬಿಡುವಿಲ್ಲದೆ ಓಡುತ್ತಿತ್ತು. ಮೇನ್‌ಫ್ರೇಮ್ ತನ್ನ ಮೆಮೊರಿಯನ್ನು ನಾಲ್ಕು ಕೆ.ಬಿ.ಯ ಪುಟಗಳಾಗಿ ಹಂಚುತ್ತದೆ. ಜಾಗ ಸಾಲದಾದಾಗ ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿಗೆ ಕಳಿಸಿ, ಬೇಕಾದಾಗ ಮರಳಿ ತರುತ್ತದೆ. ಇದೇ ಪೇಜಿಂಗ್. ಜಾಗ ತೀರಾ ಕಡಿಮೆಯಾದರೆ ಪುಟ ಸಾಗಿಸುವುದರಲ್ಲೇ ಹೊತ್ತು ಹೋಗಿ, ಕೆಲಸ ಮುಂದೆ ಸಾಗುವುದಿಲ್ಲ. ಅಂದು ಆಗಿದ್ದು ಅದೇ. ಹೆಚ್ಚು ಮೆಮೊರಿ ಬೇಕೆಂದು ಮೇಲಿನವರಿಗೆ ಬರೆಯಲು ಕೂತೆ.

ಆಪರೇಟರ್ ಪುಟ್ಟಸ್ವಾಮಿ ದಿನವೂ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುವವನು. ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದ.

"ಸಾರ್, ಬಸ್ಸು ಚಿಕ್ಕುದು ಅನ್ನೋಕ್ ಮುಂಚೆ ಒಸಿ ನೋಡಿ. ಯಾರೋ ಟವಲ್ ಆಕವ್ರೆ, ಕೂತಿಲ್ಲ."

ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವುದು ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ನಿತ್ಯದ ನೋಟ. ಮೇನ್‌ಫ್ರೇಮ್‌ನಲ್ಲೂ ಅಂಥದ್ದೊಂದು ಆದೇಶವಿದೆ: ಪೇಜ್ ಫಿಕ್ಸ್. ಅದು ಬಿದ್ದ ಪುಟಗಳನ್ನು ಯಾರೂ ಏಳಿಸಿ ಡಿಸ್ಕಿಗೆ ಕಳಿಸುವಂತಿಲ್ಲ. ಹುಡುಕಿದೆ. ಹಾಕಿದವನು ನಾನೇ.

ನಮ್ಮ ಜನ 'ಹ' ನುಂಗುತ್ತಾರೆ. ಹೊನ್ನಮ್ಮ ಒಂದು ಕಡೆ ಹೊನ್ನಮ್ಮ, ಇನ್ನೊಂದು ಕಡೆ ಒನ್ನಮ್ಮ. ಗುಮಾಸ್ತರು ಹೇಗೆ ಬರೆದರೂ ಸಿಗಲೆಂದು ಎಲ್ಲ ರೈತರ ಹೆಸರುಗಳನ್ನೂ ಎರಡೆರಡು ರೂಪದಲ್ಲಿಟ್ಟು ಒಂದು ಪಟ್ಟಿ ಮಾಡಿದ್ದೆ. ಬೇಗ ಸಿಗಲೆಂದು ಅದಕ್ಕೆ ಪೇಜ್ ಫಿಕ್ಸ್ ಹಾಕಿದ್ದೆ. ಆಗ ಇದ್ದದ್ದು ಮಂಡ್ಯದ ಒಂದೇ ಕೌಂಟರು. ಆಮೇಲೆ ಮದ್ದೂರು, ಮಳವಳ್ಳಿ, ಕೊಪ್ಪ ಮೊದಲಾದವು ಸೇರಿ ಆರಾದವು. ಪ್ರತಿ ಕೌಂಟರೂ ಪಟ್ಟಿಯ ತನ್ನದೇ ಪ್ರತಿಯನ್ನು ಮೆಮೊರಿಯಲ್ಲಿ ಊರಿಕೊಂಡಿತ್ತು.

"ಆರ್ ಟವಲೂ ನಿಮ್ದೇನಾ ಸಾರ್?" ಎಂದು ಪುಟ್ಟಸ್ವಾಮಿ ಮೆಲ್ಲಗೆ ಕೇಳಿದ.

ಆರೂ ಕೌಂಟರುಗಳಿಗೆ ಫೋನು ಮಾಡಿ ಹೆಸರಿನ ಹುಡುಕಾಟ ನಿಲ್ಲಿಸಲು ಹೇಳಿದೆ. ಪ್ರೋಗ್ರಾಮಿನಿಂದ ಪೇಜ್ ಫಿಕ್ಸ್‌ನ ಸಾಲನ್ನು ತೆಗೆದು ಮತ್ತೆ ಶುರು ಮಾಡಿದೆವು. ಹೆಸರು ಹುಡುಕುವುದು ತುಸು ನಿಧಾನವಾಯಿತು. ಪ್ರಿಂಟರು ಮಾತ್ರ ಸದ್ದು ಮಾಡತೊಡಗಿತು. ಹೊನ್ನಮ್ಮನ ಪರ್ಮಿಟ್ ಬಂತು, 'ಒನ್ನಮ್ಮ' ಎಂದು. ತಿದ್ದಿಕೊಡುತ್ತೇನೆ ಎಂದೆ.

"ಬುಡಪ್ಪ, ಕಬ್ಬು ನಂದೇಯ," ಎಂದು ಬಸ್ಸಿಗೆ ನಡೆದರು. ಸಂಜೆಯೊಳಗೆ ಅವರ ಗದ್ದೆಯಲ್ಲಿ ಕಟಾವು ಶುರುವಾಯಿತು.

ವರದಿಯಲ್ಲಿ 'ಮೆಮೊರಿ ಕೊರತೆ' ಎಂದು ಬರೆದು ಸಹಿ ಹಾಕಿದೆ. ಸುಳ್ಳೇನಲ್ಲ. ಕೊರತೆ ಮಾಡಿದವನ ಹೆಸರು ಮಾತ್ರ ಅದರಲ್ಲಿರಲಿಲ್ಲ. ಅಲ್ಲಿಂದಾಚೆಗೆ ಜಾಗ ಸಾಲದು ಎಂದು ಯಾರು ದೂರಿದರೂ ಮೊದಲು ನನ್ನ ಪ್ರೋಗ್ರಾಮುಗಳನ್ನೇ ತೆರೆದು ನೋಡುತ್ತೇನೆ.